ಇಸ್ತ್ರಿಗೆ ಬಗ್ಗದ ಸುಕ್ಕು

ಮದುವೆಯ ಹಿಂದಿನ ಸಂಜೆ, ಆರತಕ್ಷತೆ. ವೇದಿಕೆಯ ಮೇಲೆ ವರ ಕಡುನೀಲಿ ಸೂಟು ತೊಟ್ಟು ನಿಂತಿದ್ದಾನೆ. ಬಟ್ಟೆ ಒಳ್ಳೆಯದು, ಬಣ್ಣ ಒಪ್ಪುತ್ತದೆ, ಟೈ ನೆಟ್ಟಗಿದೆ. ಆದರೂ ಎದುರು ಕುಳಿತವರಿಗೆ ಎಲ್ಲೋ ಏನೋ ಸರಿಯಿಲ್ಲ ಅನಿಸುತ್ತದೆ. ಕೋಟಿನ ಕಾಲರು ಅಂಗಿಯ ಕಾಲರನ್ನು ಬಿಟ್ಟು ಬೆರಳಗಲ ಹಿಂದೆ ಸರಿದಿದೆ. ಹಾರ ಹಾಕಲು ಕೈ ಎತ್ತಿದರೆ ಇಡೀ ಕೋಟು ಕಿವಿಯ ಹತ್ತಿರ ಏರುತ್ತದೆ. ಹಿರಿಯರ ಕಾಲಿಗೆ ಬಗ್ಗಿದರೆ ಬೆನ್ನಿನ ಬಟ್ಟೆ ಬಿಗಿದು ಹೊಲಿಗೆ ಎಳೆಯುತ್ತದೆ. ಟ್ರಯಲ್ ದಿನ ಇದೆಲ್ಲ ಅವನ ಕಣ್ಣಿಗೂ ಬಿದ್ದಿತ್ತು. ‘ಇಸ್ತ್ರಿ ಹಾಕಿದ್ರೆ ಕೂತ್ಕೊಳ್ಳುತ್ತೆ ಸಾರ್’ ಎಂಬ ಮಾತು ಕೇಳಿ, ತಲೆಯಾಡಿಸಿ ಬಂದಿದ್ದ.

ಇಸ್ತ್ರಿಗೆ ಹೋಗುವ ಸುಕ್ಕು ಬೇರೆ, ಹೋಗದ ಸುಕ್ಕು ಬೇರೆ. ಮಡಿಚಿಟ್ಟಾಗ, ಕಾರಿನಲ್ಲಿ ಕುಳಿತಾಗ ಬಿದ್ದ ಗೆರೆ ಹಬೆ ತಾಗಿದರೆ ಮಾಯವಾಗುತ್ತದೆ. ಆದರೆ ಕೋಟು ತೊಟ್ಟು ನಿಂತ ಕೂಡಲೇ ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮೂಡುವ ಸುಕ್ಕಿಗೆ ಕಾರಣ ಕತ್ತರಿಯಲ್ಲಿದೆ ಅಥವಾ ಹೊಲಿಗೆಯಲ್ಲಿದೆ. ಅಲ್ಲಿ ಬಟ್ಟೆ ಕಡಿಮೆಯಾಗಿದೆ, ಇಲ್ಲವೇ ಹೆಚ್ಚಾಗಿದೆ. ಇವೆರಡರಲ್ಲಿ ಯಾವುದು ಎಂದು ಗುರುತಿಸಲು ಬಂದರೆ ಅರ್ಧ ರೋಗ ಪತ್ತೆಯಾದಂತೆ. ಇದಕ್ಕೆ ಹೊಲಿಗೆ ಕಲಿತಿರಬೇಕಾಗಿಲ್ಲ, ನಿಲುವುಗನ್ನಡಿ ಮತ್ತು ಹಿಂದಿನಿಂದ ಫೋಟೊ ತೆಗೆಯಲು ಒಬ್ಬರು ಇದ್ದರೆ ಸಾಕು.

ಬಿಗಿಯಿಂದ ಬಂದ ಸುಕ್ಕು ತೆಳುವಾಗಿ, ಚೂಪಾಗಿ, ಹಗ್ಗ ಎಳೆದಂತೆ ಇರುತ್ತದೆ. ಅದು ಎತ್ತ ಕೈ ತೋರಿಸುತ್ತದೋ ಅಲ್ಲಿ ಬಟ್ಟೆ ಸಾಲದು. ಸಡಿಲದಿಂದ ಬಂದದ್ದು ಹಾಗಲ್ಲ. ಅದು ಮೆತ್ತಗೆ ಜೋತುಬಿದ್ದ ಮಡಿಕೆ. ಎರಡು ಬೆರಳಲ್ಲಿ ಚಿವುಟಿ ಹಿಡಿದರೆ ಸುತ್ತಲಿನ ಬಟ್ಟೆ ನೆಟ್ಟಗಾಗುತ್ತದೆ. ಬಿಗಿಯ ಸುಕ್ಕನ್ನು ಚಿವುಟಲು ಹೋದರೆ ಕೈಗೆ ಸಿಗುವುದೇ ಇಲ್ಲ.

ಪರೀಕ್ಷೆಗೆ ನಿಲ್ಲುವ ರೀತಿಯಲ್ಲೇ ಬಹಳ ಮಂದಿ ಎಡವುತ್ತಾರೆ. ಕನ್ನಡಿ ಕಂಡ ಕೂಡಲೇ ಎದೆಯುಬ್ಬಿಸಿ, ಹೊಟ್ಟೆ ಒಳಗೆಳೆದು, ಕವಾಯತಿಗೆ ನಿಂತಂತೆ ನಿಲ್ಲುತ್ತಾರೆ. ಆ ಭಂಗಿಗೆ ಸರಿಪಡಿಸಿದ ಕೋಟು ಮಾಮೂಲಿಯಾಗಿ ನಿಂತಾಗ ಕೆಡುತ್ತದೆ. ಜೇಬಿನಿಂದ ಮೊಬೈಲು, ಪರ್ಸು ತೆಗೆದಿಡಬೇಕು. ಆ ದಿನ ತೊಡುವ ಅಂಗಿ, ಷೂ, ಬೆಲ್ಟನ್ನೇ ತೊಟ್ಟಿರಬೇಕು. ಟೀ ಶರ್ಟಿನ ಮೇಲೆ ಟ್ರಯಲ್ ನೋಡಿದರೆ ಕಾಲರಿನ ವಿಷಯ ತಿಳಿಯುವುದೇ ಇಲ್ಲ. ಕೈ ಇಳಿಬಿಟ್ಟು, ಉಸಿರು ಸಡಿಲಿಸಿ, ಬಸ್ಸಿಗೆ ಕಾಯುವವರ ಹಾಗೆ ನಿಲ್ಲಬೇಕು. ಬಗ್ಗಿ ನೋಡಿಕೊಂಡರೂ ಸುಕ್ಕು ಬೀಳುತ್ತದೆ. ಹಿಂದಿನಿಂದ, ಎರಡೂ ಪಕ್ಕದಿಂದ ಫೋಟೊ ಬೇಕೆನ್ನುವುದು ಅದಕ್ಕೇ.

ಮೊದಲು ಕಾಲರು. ಕೋಟಿನ ಭಾರವೆಲ್ಲ ಕತ್ತು ಮತ್ತು ಭುಜದ ಮೇಲೆ ನೇತಾಡುತ್ತದೆ. ಅಲ್ಲಿ ಕೂರದ ಕೋಟು ಇನ್ನೆಲ್ಲೂ ಕೂರುವುದಿಲ್ಲ. ಕೋಟಿನ ಕಾಲರು ಅಂಗಿಯ ಕಾಲರಿಗೆ ಸುತ್ತಲೂ ಅಂಟಿಕೊಂಡಂತಿದ್ದು, ಅಂಗಿಯ ಕಾಲರು ಹಿಂದೆ ಅರ್ಧ ಇಂಚಿನಷ್ಟು ಮೇಲೆ ಕಾಣಬೇಕು. ನಡುವೆ ಸಂದು ಬಿದ್ದಿದ್ದರೆ ಮೊದಲು ಮಾಡಬೇಕಾದ ಕೆಲಸ ಒಂದೇ: ಗುಂಡಿ ಬಿಚ್ಚಿ ನೋಡುವುದು. ಗುಂಡಿ ಬಿಚ್ಚಿದ ಕೂಡಲೇ ಕಾಲರು ಕತ್ತಿಗೆ ಬಂದು ಕುಳಿತರೆ ತಪ್ಪು ಕಾಲರಿನದಲ್ಲ, ಹೊಟ್ಟೆ ಅಥವಾ ಸೊಂಟದ ಬಿಗಿ ಕೋಟನ್ನು ಹಿಂದಕ್ಕೆ ಎಳೆಯುತ್ತಿದೆ. ಪಕ್ಕದ ಹೊಲಿಗೆ ಬಿಟ್ಟರೆ ಮುಗಿಯಿತು. ಇದನ್ನು ನೋಡದೆ ಕಾಲರು ಬಿಚ್ಚಿ ಹೊಲಿದವರು ಎರಡು ಸಲ ಕೆಲಸ ಮಾಡಿದ್ದೇ ಬಂತು.

ಗುಂಡಿ ಬಿಚ್ಚಿದರೂ ಸಂದು ಹೋಗದಿದ್ದರೆ ಬೆನ್ನು ನೋಡಬೇಕು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರ ತಲೆ ಮುಂದೆ ಚಾಚಿ, ಬೆನ್ನಿನ ಮೇಲ್ಭಾಗ ದುಂಡಗಾಗಿರುತ್ತದೆ. ದುಂಡು ಬೆನ್ನನ್ನು ಹತ್ತಿ ಇಳಿಯಲು ಬಟ್ಟೆಗೆ ಹೆಚ್ಚು ಉದ್ದ ಬೇಕು. ನೆಟ್ಟಗಿರುವ ಬೆನ್ನಿನ ಲೆಕ್ಕದಲ್ಲಿ ಕತ್ತರಿಸಿದ ಕೋಟಿನಲ್ಲಿ ಆ ಉದ್ದ ಇಲ್ಲ. ಅದು ಕಾಲರನ್ನು ಕತ್ತಿನಿಂದ ಕೆಳಗೆ ಜಗ್ಗುತ್ತದೆ, ಕೆಳ ಅಂಚನ್ನು ಮೇಲಕ್ಕೆತ್ತುತ್ತದೆ. ಪಕ್ಕದಿಂದ ನೋಡಿದರೆ ಕೋಟಿನ ಹಿಂಭಾಗ ಮುಂಭಾಗಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಎದೆ ಮುಂದೆ ಮಾಡಿ ಸೆಟೆದು ನಿಲ್ಲುವವರದು ಇದರ ತಿರುವುಮುರುವು: ಬೆನ್ನಿನ ಬಟ್ಟೆ ಸೊಂಟದ ಹತ್ತಿರ ಅಡ್ಡಡ್ಡ ಮಡಿಕೆಯಾಗಿ ಕೂಡಿಕೊಳ್ಳುತ್ತದೆ, ಮುಂದಿನ ಎರಡು ಅಂಚುಗಳು ಕೆಳಗೆ ಅಗಲವಾಗಿ ಬಾಯಿ ಬಿಡುತ್ತವೆ. ಹಿಂದು ಮುಂದಿನ ಈ ತೂಕಕ್ಕೆ ಹೊಲಿಗೆಯವರಲ್ಲಿ ಬ್ಯಾಲೆನ್ಸ್ ಎಂದು ಹೆಸರು. ಭುಜದ ಹೊಲಿಗೆಯೊಳಗೆ ಬಟ್ಟೆ ಉಳಿಸಿದ್ದರೆ ಅರ್ಧ ಇಂಚಿನೊಳಗಿನ ತಪ್ಪನ್ನು ಭುಜ, ಕಾಲರು ಬಿಚ್ಚಿ ಸರಿಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಹೊಸದಾಗಿ ಕತ್ತರಿಸುವುದೇ ದಾರಿ.

ಇನ್ನೊಂದು ಬಹಳ ಸಾಮಾನ್ಯ ದೋಷವೆಂದರೆ ಕಾಲರಿನ ಕೆಳಗೆ, ಎರಡು ಹೆಗಲಿನ ನಡುವೆ, ದಿಂಬಿನಂತೆ ಉಬ್ಬುವ ಅಡ್ಡ ಮಡಿಕೆ. ಭುಜ ಚೌಕವಾಗಿದ್ದು ಕೋಟಿನ ಭುಜ ಇಳಿಜಾರಾಗಿದ್ದರೆ ಹೀಗಾಗುತ್ತದೆ. ಭುಜದ ತುದಿ ಕೋಟನ್ನು ಮೇಲಕ್ಕೆ ನೂಕುತ್ತದೆ, ಮಿಕ್ಕ ಬಟ್ಟೆ ಕತ್ತಿನ ಕೆಳಗೆ ಬಂದು ಕೂರುತ್ತದೆ. ಆ ಮಡಿಕೆಯನ್ನು ಬೆರಳಲ್ಲಿ ಹಿಡಿದು ಗುಂಡುಸೂಜಿ ಚುಚ್ಚಿ ಅಳೆದರೆ ಎಷ್ಟು ತೆಗೆಯಬೇಕೆಂಬುದು ತಿಳಿಯುತ್ತದೆ. ಕಾಲರು ಬಿಚ್ಚಿ, ಬೆನ್ನಿನ ಕತ್ತಿನ ಅಂಚನ್ನು ಅಷ್ಟು ಕೆಳಗಿಳಿಸಿ, ಕಾಲರನ್ನು ಮತ್ತೆ ಕೂಡಿಸುತ್ತಾರೆ. ಭುಜದ ಪ್ಯಾಡು ದಪ್ಪಗಿದ್ದರೆ ಅದನ್ನು ತೆಳು ಮಾಡಿದರೂ ಒಂದಿಷ್ಟು ಇಳಿಯುತ್ತದೆ. ಕಸುಬು ಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಕಾಲರು ಮುಟ್ಟಲು ಎಲ್ಲರೂ ಒಪ್ಪುವುದಿಲ್ಲ. ಒಪ್ಪದವರನ್ನು ಒತ್ತಾಯಿಸಬಾರದು, ಬೇರೆಯವರ ಹತ್ತಿರ ಹೋಗಬೇಕು.

ಇಳಿಜಾರು ಭುಜದವರ ಕಷ್ಟ ಬೇರೆ. ಕತ್ತಿನ ಬುಡದಿಂದ ಕಂಕುಳಿನ ಕಡೆಗೆ ಓರೆಯಾಗಿ ಮೆತ್ತನೆಯ ಮಡಿಕೆಗಳು ಇಳಿಯುತ್ತವೆ, ಮುಂದೆಯೂ ಹಿಂದೆಯೂ. ಭುಜದ ತುದಿಯಲ್ಲಿ ಕೋಟು ಟೊಳ್ಳು. ಕಾಲು ಇಂಚಿನ ಪ್ಯಾಡು ಸೇರಿಸಿದರೆ ಬಹುಪಾಲು ಹೋಗುತ್ತದೆ. ಇದು ಒಂದೇ ಪಕ್ಕದಲ್ಲಿ ಕಂಡರೆ ಗಾಬರಿ ಬೇಡ. ಎರಡೂ ಭುಜ ಒಂದೇ ಮಟ್ಟದಲ್ಲಿರುವವರು ಕಡಿಮೆ, ಬಲಗೈ ಬಳಸುವವರಲ್ಲಿ ಬಲಭುಜ ತುಸು ಇಳಿದಿರುವುದು ಸಾಮಾನ್ಯ. ಲಂಡನ್ನಿನ ಸ್ಯಾವಿಲ್ ರೋ ಎಂಬ ದರ್ಜಿಗಳ ಬೀದಿಯಲ್ಲಿ ಕಟರ್‌ಗಳು ಗಿರಾಕಿಯ ಅಳತೆಯ ಪಕ್ಕ ‘ಡಿ.ಆರ್.ಎಸ್.’ ಎಂದು ಬರೆದುಕೊಳ್ಳುವುದುಂಟು. ಬಲಭುಜ ಇಳಿದಿದೆ ಎಂಬುದಕ್ಕೆ ಅದು ಗುಪ್ತಾಕ್ಷರ, ಗಿರಾಕಿಗೆ ಬೇಸರವಾಗದಿರಲಿ ಎಂದು. ನಮ್ಮಲ್ಲಿ ಅಳತೆ ಪುಸ್ತಕದಲ್ಲಿ ಇಂಚುಗಳು ಇರುತ್ತವೆ, ನಿಲುವಿನ ಟಿಪ್ಪಣಿ ಇರುವುದು ಅಪರೂಪ. ಎದೆ 40, ಸೊಂಟ 36 ಇರುವ ಇಬ್ಬರಲ್ಲಿ ಒಬ್ಬನ ಬೆನ್ನು ದುಂಡಗಿರಬಹುದು, ಇನ್ನೊಬ್ಬ ಸೆಟೆದು ನಿಲ್ಲಬಹುದು. ಟೇಪಿಗೆ ಇಬ್ಬರೂ ಒಂದೇ. ಅಳತೆ ಕೊಡುವಾಗಲೇ ‘ನನ್ನ ಬಲಭುಜ ಇಳಿದಿದೆ ಮಾಸ್ಟ್ರೇ, ಬೆನ್ನು ಸ್ವಲ್ಪ ಬಾಗಿದೆ, ನೋಡಿ’ ಎಂದು ಹೇಳಿ ಬರೆಸುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಭುಜದ ಅಗಲದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಭುಜ ಮುಗಿಯುವ ಜಾಗದಲ್ಲಿ ಕೋಟಿನ ಭುಜವೂ ಮುಗಿಯಬೇಕು. ಗೋಡೆಗೆ ಪಕ್ಕವಾಗಿ ನಿಂತು ಮೆಲ್ಲಗೆ ಸರಿದಾಗ ತೋಳಿಗಿಂತ ಮೊದಲು ಪ್ಯಾಡು ಗೋಡೆಗೆ ತಾಗಿದರೆ ಭುಜ ಅಗಲವಾಗಿದೆ ಎಂದರ್ಥ. ಆಗಲೇ ತೋಳಿನ ಮೇಲ್ಭಾಗದಲ್ಲಿ ಹೆಬ್ಬೆರಳು ಒತ್ತಿದಂಥ ಗುಳಿಯೂ ಕಾಣುತ್ತದೆ. ತೋಳು ಬಿಚ್ಚಿ ಅರ್ಧ ಇಂಚು ಒಳಗೆ ತರಬಹುದು, ಖರ್ಚು ಹೆಚ್ಚು. ಸಾಲದ ಭುಜವನ್ನು ಅಗಲಿಸಲು ಆಗುವುದೇ ಇಲ್ಲ. ಸಿದ್ಧ ಉಡುಪಿನ ಅಂಗಡಿಯಲ್ಲಿ ಕೋಟು ಆರಿಸುವವರು ಭುಜವನ್ನು ನೋಡಿ ಕೊಳ್ಳಬೇಕು, ಸೊಂಟವನ್ನು ಆಮೇಲೆ ಹಿಡಿಸಬಹುದು.

ಎಲ್ಲ ಸುಕ್ಕೂ ದೋಷವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇಟಲಿಯ ನೇಪಲ್ಸ್ ನಗರದಲ್ಲಿ 1930ರ ದಶಕದಲ್ಲಿ ವಿಂಚೆಂಜೊ ಅತ್ತೊಲಿನಿ ಎಂಬ ಕಟರ್ ಕೋಟಿನ ಪ್ಯಾಡು, ಕ್ಯಾನ್ವಾಸುಗಳನ್ನು ಕಡಿಮೆ ಮಾಡಿ ಅಂಗಿಯಷ್ಟು ಹಗುರ ಮಾಡಿದ. ಆ ಊರಿನ ಕೋಟಿನಲ್ಲಿ ತೋಳು ಭುಜಕ್ಕೆ ಕೂಡುವ ಕಡೆ ಸಣ್ಣ ಸಣ್ಣ ನೆರಿಗೆ ಬೇಕೆಂದೇ ಇಡುತ್ತಾರೆ. ಲಂಡನ್ನಿನಲ್ಲಿ ಫ್ರೆಡರಿಕ್ ಶೋಲ್ಟೆ ರೂಢಿಗೆ ತಂದ ಕತ್ತರಿಕೆಯಲ್ಲಿ ಕಂಕುಳಿನ ಪಕ್ಕ ಎದೆಯ ಮೇಲೆ ಒಂದು ಮೃದುವಾದ ಮಡಿಕೆ ನಿಲ್ಲುತ್ತದೆ. ಕೈ ಚಾಚಲು ಬೇಕಾದ ಬಟ್ಟೆ ಅದು. ಬೆನ್ನಿನ ಎರಡೂ ಪಕ್ಕ, ಕಂಕುಳಿನ ಹಿಂದೆ, ಲಂಬವಾಗಿ ಇಳಿಯುವ ಒಂದೊಂದು ಮಡಿಕೆ ಇರಲೇಬೇಕು. ಅದನ್ನೂ ತೆಗೆಸಿ ಬೆನ್ನನ್ನು ಹಲಗೆಯಂತೆ ಮಾಡಿಸಿಕೊಂಡ ವರ ಕಾರಿನ ಸ್ಟೀರಿಂಗ್ ಹಿಡಿಯಲಾರ.

ಈಗ ಕಂಕುಳು. ಬಹುಶಃ ಕೋಟಿನ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಕೈಯೆತ್ತಿದಾಗ ಕೋಟು ಮೇಲೇರುತ್ತದೆ ಎಂದರೆ ‘ಕಂಕುಳಲ್ಲಿ ಲೂಸ್ ಬಿಡಿ’ ಎಂದು ಹೇಳುವುದು ವಾಡಿಕೆ. ಆಗಬೇಕಾದದ್ದು ಅದಕ್ಕೆ ವಿರುದ್ಧ. ತೋಳಿನ ಕಂಡಿ ಕೆಳಕ್ಕಿಳಿದಷ್ಟೂ ತೋಳು ಕೋಟಿನ ಪಕ್ಕೆಗೆ ಹೊಲಿದುಕೊಂಡಂತಾಗುತ್ತದೆ. ಕೈ ಎತ್ತಿದರೆ ಪಕ್ಕೆಯ ಬಟ್ಟೆಯೂ ಜೊತೆಗೇ ಏರುತ್ತದೆ. ಕಂಡಿ ಕಂಕುಳಿಗೆ ಹತ್ತಿರವಿದ್ದರೆ ತೋಳು ತನ್ನ ಪಾಡಿಗೆ ಆಡುತ್ತದೆ, ಕೋಟು ನಿಂತಲ್ಲೇ ನಿಲ್ಲುತ್ತದೆ. ಸಿದ್ಧ ಕೋಟುಗಳಲ್ಲಿ ಎಲ್ಲ ಮೈಕಟ್ಟಿನವರಿಗೂ ಆಗಲಿ ಎಂದು ಕಂಡಿಯನ್ನು ಇಳಿಸಿಯೇ ಇಟ್ಟಿರುತ್ತಾರೆ. ಒಮ್ಮೆ ಇಳಿಸಿ ಕತ್ತರಿಸಿದ ಕಂಡಿಯನ್ನು ಏರಿಸುವಂತಿಲ್ಲ, ಆ ಜಾಗದ ಬಟ್ಟೆ ಕತ್ತರಿಯ ಪಾಲಾಗಿರುತ್ತದೆ. ಆದ್ದರಿಂದ ಇದನ್ನು ಹೇಳಬೇಕಾದದ್ದು ಕತ್ತರಿಸುವ ಮುಂಚೆ: ‘ಕಂಡಿ ಮೇಲಿರಲಿ, ಕಂಕುಳಿಗೆ ತಾಗದಷ್ಟಿದ್ದರೆ ಸಾಕು.’ ವರನಿಗೆ ಹಾರ ಹಾಕುವುದಿದೆ, ನ್ಯಾಯಾಲಯದಲ್ಲಿ ದಿನವಿಡೀ ಕರಿ ಕೋಟು ತೊಡುವ ವಕೀಲರಿಗೆ ಮೇಲಿನ ಕಪಾಟಿನಿಂದ ಕಡತ ಇಳಿಸುವುದಿದೆ. ಇಬ್ಬರಿಗೂ ಈ ಒಂದು ಸೂಚನೆ ಉಳಿದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೋಳಿನ ಸುಕ್ಕಿಗೆ ಇನ್ನೊಂದು ಕಾರಣವಿದೆ. ಕೆಲವರ ಕೈ ತೊಡೆಯ ಮುಂದೆ ಬರುತ್ತದೆ, ಕೆಲವರದು ಹಿಂದೆ ನಿಲ್ಲುತ್ತದೆ. ಕೋಟಿನ ತೋಳನ್ನು ಬೇರೊಂದು ಕೋನದಲ್ಲಿ ಕೂಡಿಸಿದ್ದರೆ ಕೈ ಇಳಿಬಿಟ್ಟಾಗಲೂ ಸುಕ್ಕುಗಳು ತೋಳಿನ ಒಂದೇ ಬದಿಯಲ್ಲಿ ಸುತ್ತಿಕೊಳ್ಳುತ್ತವೆ. ತೋಳು ಉದ್ದವಾಯಿತು ಎಂದುಕೊಂಡು ಗಿಡ್ಡ ಮಾಡಿಸಿದರೆ ಸುಕ್ಕು ಅಲ್ಲೇ ಉಳಿದು ತೋಳು ಮಾತ್ರ ಮೊಟಕಾಗುತ್ತದೆ. ಮಾಡಬೇಕಾದದ್ದು ತೋಳನ್ನು ಬಿಚ್ಚಿ, ಅರ್ಧದಿಂದ ಮುಕ್ಕಾಲು ಇಂಚು ತಿರುಗಿಸಿ ಕೂಡಿಸುವುದು. ಟ್ರಯಲ್ ಹಂತದಲ್ಲಿ ತೋಳು ಕಚ್ಚಾ ಹೊಲಿಗೆಯಲ್ಲಿರುವಾಗ ಇದು ಹತ್ತು ನಿಮಿಷದ ಕೆಲಸ. ಅಸ್ತರಿ ಸೇರಿಸಿ ಮುಗಿಸಿದ ಮೇಲೆ ಅರ್ಧ ದಿನದ್ದು. ಚೌಕುಳಿ ಬಟ್ಟೆಯಾದರೆ ತಿರುಗಿಸಿದಾಗ ತೋಳಿನ ಗೆರೆಯೂ ಎದೆಯ ಗೆರೆಯೂ ತಪ್ಪಿಹೋಗುತ್ತವೆ, ಅದನ್ನು ಮೊದಲೇ ತೂಗಿ ನೋಡಬೇಕು.

ಗುಂಡಿಯ ಹತ್ತಿರ ಗುಣಾಕಾರದ ಗುರುತಿನಂತೆ ನಾಲ್ಕೂ ದಿಕ್ಕಿಗೆ ಗೆರೆ ಎಳೆದಿದ್ದರೆ ಎಲ್ಲರಿಗೂ ಅರ್ಥವಾಗುತ್ತದೆ, ಹೊಟ್ಟೆಗೆ ಸಾಲದು. ಗುಂಡಿ ಹಾಕಿದ ಮೇಲೆ ಮುಷ್ಟಿ ಒಳಗೆ ಹೋಗುವಷ್ಟು ಜಾಗವಿರಬೇಕು. ಪಕ್ಕದ ಹೊಲಿಗೆಗಳಿಂದ ಬಿಡಿಸಬಹುದು. ಅಷ್ಟು ಸಮಯವಿಲ್ಲದಿದ್ದರೆ ಗುಂಡಿಯನ್ನೇ ಅರ್ಧ ಇಂಚು ಅಂಚಿಗೆ ಸರಿಸಿದರೂ ಆ ಸಂಜೆಗೆ ಸಾಕಾಗುತ್ತದೆ. ಸಡಿಲವಿದ್ದರೆ ಹಿಡಿಸುವುದಕ್ಕೂ ಮಿತಿಯಿದೆ. ಒಟ್ಟು ಎರಡು ಇಂಚು ದಾಟಿದರೆ ಜೇಬುಗಳು ಪಕ್ಕೆಗೆ ಸರಿದು ಹಿಂದೆ ಓಡುತ್ತವೆ. ಬೊಜ್ಜಿರುವವರು ಸೊಂಟ ಬಿಗಿ ಮಾಡಿಸಿ ತೆಳ್ಳಗೆ ಕಾಣಲು ಹೊರಡುವುದು ವ್ಯರ್ಥ, ಬಿಗಿದ ಕೋಟು ಹೊಟ್ಟೆಯನ್ನೇ ಎತ್ತಿ ತೋರಿಸುತ್ತದೆ. ಅವರಿಗೆ ನೇರವಾಗಿ ಇಳಿಯುವ ಮುಂಭಾಗವೇ ಚೆಂದ.

ಕೋಟಿನ ಹಿಂದಿನ ಸೀಳು ನಿಂತಾಗಲೂ ಬಾಯಿ ಬಿಟ್ಟಿದ್ದರೆ ಸೊಂಟದ ಕೆಳಗೆ ಬಿಗಿಯಿದೆ. ಅಲ್ಲಿ ಪಕ್ಕದ ಹೊಲಿಗೆ ಬಿಡಿಸಿದರೆ ಮುಚ್ಚಿಕೊಳ್ಳುತ್ತದೆ. ಅಂಗಿಯ ತೋಳು ಕೋಟಿನ ತೋಳಿನಿಂದ ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಹೊರಗೆ ಕಾಣಬೇಕು. ಕೋಟಿನ ಉದ್ದ ಹಿಂಬದಿಯನ್ನು ಮುಚ್ಚಬೇಕು, ಒಂದು ಇಂಚಿಗಿಂತ ಹೆಚ್ಚು ಗಿಡ್ಡ ಮಾಡಿದರೆ ಜೇಬು ಕೆಳ ಅಂಚಿಗೆ ಇಳಿದಂತೆ ಕಾಣುತ್ತದೆ. ಮುಂಗೈ ಹತ್ತಿರ ನಿಜವಾಗಿ ಬಿಚ್ಚುವ ಕಾಜಾ ಗುಂಡಿಗಳಿದ್ದರೆ ತೋಳನ್ನು ಕೆಳಗಿನಿಂದ ಗಿಡ್ಡ ಮಾಡಲಾಗದು, ಭುಜದಿಂದ ಬಿಚ್ಚಬೇಕಾಗುತ್ತದೆ.

ಇವೆಲ್ಲ ಸಾಧ್ಯವೋ ಅಲ್ಲವೋ ಎಂಬುದು ಬಟ್ಟೆಯನ್ನೂ ಅವಲಂಬಿಸಿದೆ. ಶುದ್ಧ ಉಣ್ಣೆಯ ಬಟ್ಟೆಗೆ ಹಬೆ ಕೊಟ್ಟು ಇಸ್ತ್ರಿಯಲ್ಲಿ ತುಸು ಕುಗ್ಗಿಸಬಹುದು, ತುಸು ಹಿಗ್ಗಿಸಬಹುದು. ಒಳ್ಳೆಯ ಮಾಸ್ಟರುಗಳು ಕತ್ತಿನ ಹಿಂಭಾಗದ ಸಣ್ಣ ಸಡಿಲವನ್ನು ಕತ್ತರಿ ಮುಟ್ಟದೆ ಹೀಗೆಯೇ ಇಳಿಸುತ್ತಾರೆ. ಪಾಲಿಯೆಸ್ಟರ್ ಹೆಚ್ಚಿರುವ ಬಟ್ಟೆ ಅದಕ್ಕೆ ಬಗ್ಗುವುದಿಲ್ಲ. ವೆಲ್ವೆಟ್ಟಿನಲ್ಲಿ ಹೊಲಿಗೆ ಬಿಡಿಸಿದರೆ ಹಳೆಯ ಸೂಜಿ ಗುರುತು ಉಳಿಯುತ್ತದೆ, ವೆಲ್ವೆಟ್ ಬಂದ್‌ಗಲಾ ಹೊಲಿಸುವವರು ಮೊದಲ ಸಲವೇ ಸರಿಯಾಗುವಂತೆ ನೋಡಿಕೊಳ್ಳಬೇಕು. ಇನ್ನು ಎದೆಯ ಮೇಲೆ ಏಳುವ ಗುಳ್ಳೆಗಳು. ಅವು ಅಳತೆಯ ದೋಷವಲ್ಲ. ಒಳಗೆ ಕ್ಯಾನ್ವಾಸಿನ ಬದಲು ಅಂಟಿನ ಪದರ ಹಾಕಿ ಬಿಸಿಯಲ್ಲಿ ಒತ್ತಿರುತ್ತಾರೆ. ಡ್ರೈಕ್ಲೀನಿಂಗ್ ಆಗಿ ಆಗಿ ಅಂಟು ಬಿಟ್ಟರೆ ಬಟ್ಟೆ ಅಲ್ಲಲ್ಲಿ ಏಳುತ್ತದೆ. ಮೇಲೆ ಇಸ್ತ್ರಿ ಒತ್ತಿದರೆ ಒಂದೆರಡು ದಿನ ಕೂರಬಹುದು, ಪೂರ್ತಿ ವಾಸಿಯಾಗುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರ ಹೆಸರೇ ಸೂಜಿಕಾಯಕದ ರಾಮಿತಂದೆ. ಸೂಜಿ ಹಿಡಿದ ಕೈಗೆ ಕನ್ನಡನಾಡು ಅಷ್ಟು ಹಿಂದೆಯೇ ಮರ್ಯಾದೆ ಕೊಟ್ಟಿತ್ತು. ಇವತ್ತು ಆ ಮರ್ಯಾದೆ ಕೊಡುವುದೆಂದರೆ ಸಮಯ ಕೊಡುವುದು. ಲಗ್ನಪತ್ರಿಕೆ ಹಂಚಿ ಮುಗಿಸಿ, ಹತ್ತು ದಿನ ಇರುವಾಗ ಬಟ್ಟೆ ತಂದು ಕೊಟ್ಟು, ಮುಹೂರ್ತದ ಹಿಂದಿನ ದಿನ ಒಂದೇ ಟ್ರಯಲ್‌ಗೆ ಹೋದರೆ ಎಂಥ ಕುಶಲ ಮಾಸ್ಟರ್ ಆದರೂ ‘ಇಸ್ತ್ರಿಗೆ ಹೋಗುತ್ತೆ’ ಎನ್ನದೆ ಬೇರೆ ದಾರಿಯಿಲ್ಲ. ಮದುವೆಗೆ ಎರಡು ತಿಂಗಳಿರುವಾಗ ಬಟ್ಟೆ ಕೊಡುವುದು ಒಳ್ಳೆಯದು. ಮೊದಲ ಟ್ರಯಲ್ ಕಚ್ಚಾ ಹೊಲಿಗೆಯಲ್ಲಿ, ಜೇಬು ಕತ್ತರಿಸುವ ಮುಂಚೆ, ಆಗಬೇಕು. ಕಾಲರು, ಭುಜ, ಬ್ಯಾಲೆನ್ಸ್, ತೋಳಿನ ಕೋನ ಎಲ್ಲವನ್ನೂ ಆಗ ಸೀಮೆಸುಣ್ಣದಲ್ಲೇ ತಿದ್ದಬಹುದು. ಎರಡನೆಯದು ಅಸ್ತರಿ ಸೇರಿದ ಮೇಲೆ. ಅಂದು ಸುಮ್ಮನೆ ನಿಲ್ಲುವುದಲ್ಲ, ಕೈಮುಗಿದು ನೋಡಬೇಕು, ಹಾರ ಹಾಕುವಂತೆ ಕೈಯೆತ್ತಬೇಕು, ಬಗ್ಗಿ ನೆಲ ಮುಟ್ಟಬೇಕು, ಕುರ್ಚಿಯಲ್ಲಿ ಕುಳಿತು ಏಳಬೇಕು.

ಮಾಸ್ಟರ್ ಹತ್ತಿರ ಹೇಳುವಾಗ ಪರಿಹಾರ ಹೇಳಬೇಡಿ, ತೊಂದರೆ ಹೇಳಿ. ‘ಇಲ್ಲಿ ಅರ್ಧ ಇಂಚು ಹಿಡೀರಿ’ ಎಂದರೆ ಅವರು ಹಿಡಿಯುತ್ತಾರೆ, ತಪ್ಪು ಎಲ್ಲಿದೆಯೋ ಅಲ್ಲೇ ಉಳಿಯುತ್ತದೆ. ‘ಗುಂಡಿ ಬಿಚ್ಚಿದರೂ ಕಾಲರು ಕೂರುತ್ತಿಲ್ಲ, ಬಲಗಡೆ ಭುಜದಿಂದ ಮಡಿಕೆ ಇಳಿಯುತ್ತಿದೆ’ ಎಂದರೆ ಅವರ ಕಣ್ಣು ತಾನಾಗಿ ಕಾರಣದ ಕಡೆ ಹೋಗುತ್ತದೆ. ಫೋಟೊ ತೋರಿಸಿದರೆ ಇನ್ನೂ ಒಳ್ಳೆಯದು. ಹಲವು ದೋಷಗಳಿದ್ದರೆ ಕಾಲರು ಮತ್ತು ಭುಜವನ್ನು ಮೊದಲು ಸರಿಪಡಿಸಿ ಮತ್ತೆ ತೊಟ್ಟು ನೋಡಬೇಕು. ಕೆಳಗಿನ ಸುಕ್ಕುಗಳಲ್ಲಿ ಕೆಲವು ಅಷ್ಟಕ್ಕೇ ಹೋಗಿರುತ್ತವೆ. ಉದ್ದ ಮತ್ತು ತೋಳಿನ ಅಂಚು ಯಾವಾಗಲೂ ಕೊನೆಗೆ.

ಬಟ್ಟೆ ಕೊಡುವ ದಿನವೇ ಇನ್ನೊಂದು ಮಾತು ಹೇಳಿ ಬನ್ನಿ: ಬೆನ್ನಿನ ನಡುಹೊಲಿಗೆ ಮತ್ತು ಪಕ್ಕದ ಹೊಲಿಗೆಗಳ ಒಳಗೆ ಒಂದೊಂದು ಇಂಚು, ತೋಳಿನ ಅಂಚಿನಲ್ಲಿ ಒಂದೂವರೆ ಇಂಚು ಬಟ್ಟೆ ಉಳಿಸಿರಲಿ. ಮದುವೆಯಾಗಿ ನಾಲ್ಕಾರು ವರ್ಷಗಳ ಮೇಲೆ ಮೈ ತುಂಬಿಕೊಂಡಾಗ ಅದೇ ಕೋಟನ್ನು ತಮ್ಮನ ಮದುವೆಗೆ ಬಿಡಿಸಿಕೊಂಡು ತೊಡಲು ಆ ಬಟ್ಟೆ ಬೇಕಾಗುತ್ತದೆ.